ನಾಲ್ವರೆದುರು ಮೊದಲ ರೊಟ್ಟಿ

ಅಡುಗೆ ಮಾಡುವುದು ಬೇರೆ, ನಾಲ್ಕು ಜನರನ್ನು ಎದುರಿಗೆ ಕೂರಿಸಿಕೊಂಡು ಅಡುಗೆ ಮಾಡಿ ತೋರಿಸುವುದು ಬೇರೆ. ದಿನವೂ ಅನ್ನ ಸಾರು ಮಾಡುವ ಅದೇ ಕೈ, ನೋಡುವ ಕಣ್ಣುಗಳು ಹೆಚ್ಚಾದೊಡನೆ ಉಪ್ಪಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ಎಂಬುದನ್ನೇ ಮರೆಯುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಕಡೆ ಈ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಒಂದೇ: ಬಿಳಿಜೋಳದ ರೊಟ್ಟಿ. ಹಿಂದೆ ಹೆಣ್ಣು ನೋಡಲು ಬಂದವರು ‘ರೊಟ್ಟಿ ಬಡೀಲಿಕ್ಕ ಬರ್ತದೇನು?’ ಎಂದು ಕೇಳಿ, ಬರುತ್ತದೆ ಎಂಬ ತಾಯಿಯ ಮಾತಿಗೇ ಸಮಾಧಾನಪಡುತ್ತಿದ್ದರು. ಈಗ ಕೇಳುವವರು ಬೇರೆ. ರೊಟ್ಟಿ ಮಾಡಿ ಮಾರುವ ಹೆಂಗಸರು ಕೇಳುತ್ತಾರೆ. ಅವರಿಗೆ ತಾಯಿಯ ಮಾತು ಸಾಲದು, ಕಣ್ಣಾರೆ ಕಾಣಬೇಕು.

ಅವರು ಹಾಗೆ ಬಿಗಿಯಾಗಿರುವುದಕ್ಕೆ ಕಾರಣವಿದೆ. ಮನೆಯ ಪಡಸಾಲೆಯಲ್ಲಿ ಮುಗಿದುಹೋಗುತ್ತಿದ್ದ ರೊಟ್ಟಿ ಈಗ ಪೇಟೆಯ ಸರಕು. ಕಲಬುರಗಿ ಜಿಲ್ಲೆಯ ಮಹಿಳೆಯರು ಸಹಕಾರ ಸಂಘ ಕಟ್ಟಿಕೊಂಡು ಜೋಳದ ರೊಟ್ಟಿಗೆ ಊರಿನ ಹೆಸರನ್ನೇ ಇಟ್ಟು ಮಾರುತ್ತಿದ್ದಾರೆ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಅಲ್ಲಿ ತಯಾರಾಗುತ್ತದೆಂದು 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೇ ಹೇಳಿದರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಗೋಧಿ ಉಣ್ಣುವ ಊರುಗಳಲ್ಲೂ ಜೋಳವನ್ನು ಕೇಳಿ ಪಡೆಯುವವರು ಹೆಚ್ಚಿದ್ದಾರೆ. ಹೀಗೆ ಹೆಸರು ಬಂದಾಗ, ಒಬ್ಬಳು ಕೊಟ್ಟ ಹಸಿ ರೊಟ್ಟಿ ಹತ್ತು ಜನರ ದುಡಿಮೆಗೆ ಮಸಿ ಬಳಿಯಬಲ್ಲದು.

ವಾಡಿಯ ಒಬ್ಬ ಹುಡುಗಿಯ ಮುಂದೆ ಬಂದ ಪರೀಕ್ಷೆ ಇದೇ. ಬಿ.ಎ. ಮುಗಿಸಿದ್ದಳು, ಬಿ.ಎಡ್. ಸೇರಬೇಕು, ಶುಲ್ಕಕ್ಕೆ ಮನೆಯಲ್ಲಿ ಹಣವಿಲ್ಲ. ತಮ್ಮನನ್ನು ಕಲಬುರಗಿಯಲ್ಲಿ ಪಿ.ಯು.ಸಿ. ಓದಲು ಬಿಟ್ಟಿರುವುದರಿಂದ ತಂದೆಯ ಸಂಬಳ ಅತ್ತ ಹರಿಯುತ್ತದೆ. ಓಣಿಯಲ್ಲಿ ರೊಟ್ಟಿ ಮಾಡಿ ಕೊಡುವ ಒಂದು ಚಿಕ್ಕ ಗುಂಪಿತ್ತು. ‘ನನ್ನನ್ನೂ ಸೇರಿಸಿಕೊಳ್ರಿ ಅಕ್ಕಾ’ ಎಂದಳು. ಗುಂಪಿನ ಹಿರಿಯಾಕೆ ತಲೆಯಿಂದ ಕಾಲಿನವರೆಗೆ ನೋಡಿ, ‘ಐತಾರ ಮುಂಜಾನಿ ನಿಮ್ಮ ಮನಿಗೇ ಬರ್ತೀವಿ. ಹತ್ತು ರೊಟ್ಟಿ, ಒಂದು ಪುಂಡಿ ಪಲ್ಯ. ಬ್ಯಾರೇನೂ ಬ್ಯಾಡ’ ಎಂದುಬಿಟ್ಟರು.

ಬೇರೇನೂ ಬೇಡ! ಎರಡು ದಿಕ್ಕಿನ ರೈಲುಗಳು ಕೂಡುವ ವಾಡಿಯಂಥ ಊರಿನಲ್ಲಿ ಹತ್ತು ಭಾಷೆಯ ಜನ, ಹತ್ತು ಬಗೆಯ ಊಟ. ಹುಡುಗಿಯ ಮನೆಯಲ್ಲಿ ಅನ್ನ, ಚಪಾತಿಯೇ ರೂಢಿ. ರೊಟ್ಟಿ ಬೇಕಾದರೆ ಅಂಗಡಿಯಿಂದ ತರುವುದು. ರೊಟ್ಟಿ ಬಲ್ಲವರೆಂದರೆ ಚಿಂಚೋಳಿ ಕಡೆಯ ಹಳ್ಳಿಯಲ್ಲಿರುವ ಅಜ್ಜಿ. ಕೈಯಲ್ಲಿ ಏಳು ದಿನ.

ಮೊದಲ ದಿನ ಅವಳು ಚಪಾತಿ ಹಿಟ್ಟು ಕಲಸಿದಂತೆಯೇ ತಣ್ಣೀರು ಹಾಕಿ ಕಲಸಿದಳು. ಅಂಗೈ ಅಗಲವಾಗುವಷ್ಟರಲ್ಲಿ ಅಂಚು ಬೇಸಿಗೆಯ ಎರೆಹೊಲದಂತೆ ಬಿರಿಯಿತು. ಎತ್ತಲು ಹೋದರೆ ಮೂರು ತುಂಡು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ ಹಿಟ್ಟನ್ನು ಬೈದಳು, ಹಂಚನ್ನು ಬೈದಳು. ತಪ್ಪು ಹಿಟ್ಟಿನದಲ್ಲ, ಅದರ ಗುಣ ತಿಳಿಯದ್ದು. ಗೋಧಿಗೆ ನೀರು ಬಿದ್ದೊಡನೆ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ರಬ್ಬರಿನಂಥ ಜಾಲವಾಗುತ್ತವೆ. ಆದ್ದರಿಂದ ಗೋಧಿ ಹಿಟ್ಟು ಎಳೆದಷ್ಟೂ ಹಿಗ್ಗುತ್ತದೆ. ಜೋಳದಲ್ಲಿ ಮುಖ್ಯವಾಗಿರುವ ಕಾಫಿರಿನ್ ಎಂಬ ಪ್ರೋಟೀನಿಗೆ ಆ ಹೆಣಿಗೆ ಬಾರದು. ಹಾಗಾದರೆ ಜೋಳವನ್ನು ಹಿಡಿದಿಡುವವರು ಯಾರು? ಅದರ ಪಿಷ್ಟ. ಆದರೆ ಹಸಿ ಪಿಷ್ಟದ ಕಣಗಳು ತಣ್ಣೀರಿನಲ್ಲಿ ಮರಳಿನಂತೆ ಬಿಡಿಬಿಡಿಯಾಗಿರುತ್ತವೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಸಿಕ್ಕರೆ ಅವು ನೀರು ಹೀರಿ ಉಬ್ಬಿ, ಗಂಜಿಯಂತೆ ಅಂಟಾಗುತ್ತವೆ. ಕುದಿವ ಎಸರನ್ನು ಹಿಟ್ಟಿನ ನಡುವಿನ ಗುಳಿಗೆ ಸುರಿಯುವುದು ಇದಕ್ಕಾಗಿ. ಎಲ್ಲ ಹಿಟ್ಟೂ ಬೇಯಬೇಕಿಲ್ಲ. ಒಂದಿಷ್ಟು ಬೆಂದು ಉಳಿದದ್ದನ್ನು ಹಿಡಿದುಕೊಂಡರೆ ಸಾಕು. ಈ ಭಾಗದ ಅಜ್ಜಿಯರು ಇದನ್ನು ‘ಜಿಗಿ’ ಎನ್ನುತ್ತಾರೆ. ಗ್ಲುಟೆನ್, ಪಿಷ್ಟ ಎಂಬ ಮಾತುಗಳಿಗಿಂತ ಅದು ಚಿಕ್ಕ ಮಾತು, ಅರ್ಥ ಅಷ್ಟೇ.

ಎರಡನೆಯ ದಿನ ಅವಳು ವಾಡಿಯಿಂದ ಸಿಕಂದರಾಬಾದ್ ದಿಕ್ಕಿನ ರೈಲು ಹತ್ತಿದಳು. ಚಿತ್ತಾಪುರ ದಾಟಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಹೆಸರಿನ ನಿಲ್ದಾಣ ದಾಟಿ, ಸೇಡಂನಲ್ಲಿ ಇಳಿದು ಚಿಂಚೋಳಿ ಬಸ್ಸು ಹಿಡಿದು ಅಜ್ಜಿಯ ಮನೆ ಸೇರುವಾಗ ಮಧ್ಯಾಹ್ನ. ಅಜ್ಜಿ ಮೊದಲು ಕೇಳಿದ್ದು, ‘ಹಿಟ್ಟು ಯಾವಾಗ ಬೀಸಿದ್ದು?’ ಡಬ್ಬಿಯಲ್ಲಿ ತಿಂಗಳಿಂದ ಇದ್ದದ್ದು ಎಂದು ತಿಳಿದು ನಕ್ಕರು. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ. ಮಾಲದಂಡಿ ಜೋಳ ಕೊಟ್ಟು ಗಿರಣಿಗೆ ಕಳಿಸಿದರು. ಬೀಸಿದ ಹಿಟ್ಟು ಇನ್ನೂ ಬೆಚ್ಚಗಿರುವಾಗಲೇ ಎಸರು ಹಾಕಿ ನಾದಿಸಿದರು. ‘ಸಿಟ್ಟು ಮಾಡಿ ಬಡೀಬ್ಯಾಡ ಯವ್ವಾ, ಅದು ಗೋಧಿ ಅಲ್ಲ. ಬೆರಳು ಆಡ್ಲಿ, ರೊಟ್ಟಿ ತಾನೇ ತಿರುಗ್ತದ.’ ಅಷ್ಟೇ ಪಾಠ. ಉಳಿದದ್ದೆಲ್ಲ ನೋಡಿ ಕಲಿಯುವುದು: ಅಂಗೈಯ ಬುಡದಿಂದ ಹಿಟ್ಟನ್ನು ಉಜ್ಜಿ ಉಜ್ಜಿ ಮಿದುವಾಗಿಸುವುದು, ಒಮ್ಮೆಗೆ ಒಂದೇ ಉಂಡೆಗೆ ಬೇಕಾದಷ್ಟನ್ನು ನಾದುವುದು, ಕೆಳಗೆ ಒಣಹಿಟ್ಟು ಉದುರಿಸುವುದು, ನಡುವಿನಿಂದ ಅಂಚಿಗೆ ಸಾಗುವುದು.

ನೀರು ಹಚ್ಚುವ ಗುಟ್ಟೂ ಅಲ್ಲೇ ತಿಳಿಯಿತು. ಒಣಹಿಟ್ಟು ಅಂಟಿದ ಮಗ್ಗುಲು ಮೇಲೆ ಬರುವಂತೆ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಸವರುತ್ತಾರೆ. ಆ ಹಿಟ್ಟು ತೊಯ್ದು, ಬಿಸಿಗೆ ಬೆಂದು, ರೊಟ್ಟಿಗೆ ತೆಳುವಾದ ಹೊದಿಕೆಯಾಗುತ್ತದೆ. ನೀರು ಆರುತ್ತಿದ್ದಂತೆ ತಿರುವಬೇಕು. ತಡವಾದರೆ ಹೊದಿಕೆ ಬಿರಿಯುತ್ತದೆ, ಬಿರಿದರೆ ಉಬ್ಬುವುದಿಲ್ಲ. ಏಕೆಂದರೆ ಉಬ್ಬಿಸುವುದು ಒಳಗಿನ ಹಬೆ. ನೀರು ಹಬೆಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟಿಗೂ ಹೆಚ್ಚಾಗುತ್ತದೆ. ಎರಡೂ ಮಗ್ಗುಲು ಮುಚ್ಚಿಕೊಂಡಿದ್ದರೆ ಹೋಗಲು ದಾರಿ ಕಾಣದ ಹಬೆ ರೊಟ್ಟಿಯನ್ನೇ ಎರಡು ಪದರವಾಗಿ ಎತ್ತುತ್ತದೆ. ಉಗಿಬಂಡಿಯನ್ನು ಎಳೆದದ್ದೂ ಇದೇ ಹಬೆಯೆಂದು ವಾಡಿಯ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ.

ಹಂಚಿನ ಕಾವು ತಿಳಿಯಲು ಅಜ್ಜಿ ನಾಲ್ಕು ಹನಿ ನೀರು ಚಿಮುಕಿಸುತ್ತಿದ್ದರು. ಹನಿ ಸುಮ್ಮನೆ ಬಿದ್ದುಕೊಂಡರೆ ಕಾವು ಸಾಲದು. ‘ಚುಂಯ್’ ಎಂದು ಮಾಯವಾದರೆ ಸರಿ. ಪಾದರಸದ ಗುಂಡಿನಂತೆ ಉರುಳಾಡತೊಡಗಿದರೆ ಉರಿ ತುಸು ತಗ್ಗಿಸಬೇಕು. ಹನಿಯ ಕೆಳಗೆ ಹಬೆಯ ಪದರವೊಂದು ಹಾಸಿಕೊಂಡು ಅದನ್ನು ಎತ್ತಿ ಹಿಡಿಯುವುದರಿಂದ ಹೀಗಾಗುತ್ತದೆ. 1756ರಲ್ಲಿ ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ ಇದನ್ನು ವಿವರಿಸಿ ಬರೆದ. ವಿಜ್ಞಾನದಲ್ಲಿ ಇಂದಿಗೂ ಅವನದೇ ಹೆಸರು. ಅಜ್ಜಿಗೆ ಲೈಡನ್‌ಫ್ರಾಸ್ಟ್ ಗೊತ್ತಿಲ್ಲ. ಲೈಡನ್‌ಫ್ರಾಸ್ಟನಿಗೆ ರೊಟ್ಟಿ ಬರುತ್ತಿರಲಿಲ್ಲ.

ಬುಧವಾರ ಹುಡುಗಿ ವಾಡಿಗೆ ಮರಳಿದಳು. ರೊಟ್ಟಿಯ ಹೆದರಿಕೆ ಅರ್ಧ ಕಡಿಮೆಯಾಗಿತ್ತು. ಆದರೆ ಪುಂಡಿ ಪಲ್ಯ ಕೈಕೊಟ್ಟಿತು. ತೊಗರಿಬೇಳೆ ಎಷ್ಟು ಕುದಿಸಿದರೂ ಹರಳು ಹರಳಾಗಿಯೇ ಉಳಿಯಿತು. ಬೇಳೆಯಾದರೋ ಊರಿನದೇ, 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಗುಲಬರ್ಗಾ ತೊಗರಿ. ಅದರ ಮೇಲೆ ತಪ್ಪು ಹೊರಿಸುವಂತಿಲ್ಲ. ತಪ್ಪು ಇದ್ದದ್ದು ಎರಡು ಕಡೆ. ಹುಳಿಯಾದ ಪುಂಡಿ ಸೊಪ್ಪನ್ನು ಬೇಳೆಯ ಜೊತೆಗೇ ಹಾಕಿದ್ದು ಒಂದು. ಹುಳಿಯಲ್ಲಿ ಬೇಳೆ ಬೇಗ ಮೆತ್ತಗಾಗದು. ಇನ್ನೊಂದು ನೀರು. ಶಹಾಬಾದ, ವಾಡಿಯ ನೆಲದಡಿ ಸುಣ್ಣದ ಕಲ್ಲು ಹಾಸಿಕೊಂಡಿದೆ. ಮನೆಗೆ ಹಾಸುವ ಪರ್ಸಿಯೂ ಅದೇ, ಕಾರ್ಖಾನೆಯಲ್ಲಿ ಸಿಮೆಂಟಾಗುವುದೂ ಅದೇ. ಅಂಥ ಕಲ್ಲಿನ ಸಂದಿನಿಂದ ಬರುವ ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವಿನೊಡನೆ ಈ ಕ್ಯಾಲ್ಸಿಯಂ ಸೇರಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಉಪಾಯ ಮಾತ್ರ ಸುಲಭ. ಹಿಂದಿನ ಸಂಜೆ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನಷ್ಟೇ ಬಳಸಿದರೆ ಕ್ಯಾಲ್ಸಿಯಂನ ಒಂದು ಪಾಲು ಬಿಳಿ ಪದರವಾಗಿ ತಳದಲ್ಲೇ ಉಳಿಯುತ್ತದೆ. ಗುರುವಾರ ಹಾಗೆಯೇ ಮಾಡಿದಳು. ಬೇಳೆ ಬೆಣ್ಣೆಯಾಯಿತು. ಬೆಂದ ಮೇಲೆ ಸೊಪ್ಪು, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ. (ಹುಳಿ ಪಾತ್ರೆಯನ್ನು ಪರ್ಸಿಯ ಕಟ್ಟೆಯ ಮೇಲೆ ಚೆಲ್ಲಿ ಹಾಗೇ ಬಿಟ್ಟರೆ ಕಲ್ಲಿನ ಹೊಳಪು ಹೋಗುತ್ತದೆ. ಅದೂ ಸುಣ್ಣದ ಕಲ್ಲಿನ ಗುಣವೇ.)

ಇನ್ನು ಉಳಿದದ್ದು ಅಂಜಿಕೆ. ಅದಕ್ಕೆ ಕುದಿಸಿ ಸೋಸುವ ಉಪಾಯವಿಲ್ಲ. ಯಾರಾದರೂ ನೋಡುತ್ತಿದ್ದಾರೆಂದರೆ ದೇಹಕ್ಕೆ ಅದು ಅಪಾಯದ ಸುದ್ದಿಯೇ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ, ಎದೆ ಬಡಿತ ಏರುತ್ತದೆ, ಬೆರಳು ನಡುಗುತ್ತದೆ. ಓಡಿಹೋಗುವವನಿಗೆ ಇದು ಅನುಕೂಲ, ರೊಟ್ಟಿ ಬಡಿಯುವವಳಿಗೆ ಅಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಬಲ್ಲ ಉತ್ತರವೂ ಮರೆಯುವ ಮಕ್ಕಳ ಪಾಡು ಇದೇ. ಅಂಥವರಿಗೆ ‘ಹೆದರಬೇಡ’ ಎಂದು ಹೇಳುವುದು ವ್ಯರ್ಥ. ಹೆದರಿಕೆಯಲ್ಲೇ ಮಾಡಿ ಮಾಡಿ ಕೈಗೆ ರೂಢಿಯಾಗಬೇಕು. ಬಿ.ಎಡ್. ತರಬೇತಿಯಲ್ಲಿ ತರಗತಿಗೆ ಹೋಗುವ ಮೊದಲು ಸಹಪಾಠಿಗಳೆದುರು ಪಾಠ ಮಾಡಿಸುವುದೂ ಇದಕ್ಕೇ.

ಅವಳ ತಾಯಿ ಮೊದಮೊದಲು ಒಲೆಯ ಬದಿಗೆ ನಿಂತು ‘ಹಂಗಲ್ಲ, ಹಿಂಗ’ ಎನ್ನುತ್ತಿದ್ದರು. ಪ್ರತಿ ‘ಹಂಗಲ್ಲ’ಕ್ಕೂ ಒಂದು ರೊಟ್ಟಿ ಹರಿಯುತ್ತಿತ್ತು. ಮಕ್ಕಳ ಮೇಲಿನ ಪ್ರೀತಿಯಿಂದಲೇ ಎಷ್ಟೋ ತಂದೆತಾಯಿಗಳು ಹೀಗೆ ಅವರ ಕೈ ಕಟ್ಟಿಹಾಕುತ್ತಾರೆ. ಗಣಿತದ ನೋಟುಬುಕ್ಕಿನ ಮೇಲೆ ಬಗ್ಗಿ ನಿಲ್ಲುವವರದೂ ಇದೇ ಚಾಳಿ. ಶುಕ್ರವಾರ ಹುಡುಗಿ ಬೇಡಿಕೊಂಡ ಮೇಲೆ ತಾಯಿ ಮಾತು ಬಿಟ್ಟು, ಪಕ್ಕದ ಮನೆಯ ಇಬ್ಬರನ್ನು ಕರೆದು ತಂದು ಸುಮ್ಮನೆ ಎದುರಿಗೆ ಕೂರಿಸಿದರು. ಬಂದವರಿಗೆ ಕೆಲಸ ಒಂದೇ, ನೋಡುವುದು. ಅಂದು ಆರರಲ್ಲಿ ನಾಲ್ಕು ಹರಿದವು. ಶನಿವಾರ, ಅದೇ ಒಲೆ, ಅದೇ ಹೊತ್ತು, ಅದೇ ಜನ, ಆರರಲ್ಲಿ ಎರಡು.

ಐತಾರ ಮೂವರು ಬಂದರು. ರಜೆಗೆ ಬಂದಿದ್ದ ತಮ್ಮನೂ ಬಾಗಿಲಲ್ಲಿ ನಿಂತಿದ್ದ. ಮೊದಲ ರೊಟ್ಟಿ ಎತ್ತುವಾಗಲೇ ಹರಿಯಿತು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಹಿರಿಯಾಕೆ ಗೋಡೆಯ ಕಡೆ ನೋಡುತ್ತ ‘ಮೊದಲನೇದು ಹಂಚಿನ ಪಾಲು, ಮುಂದ ನಡಿ’ ಎಂದರು. ಎರಡನೆಯದೂ ಹರಿಯಿತು. ಮೂರನೆಯದು ಉಬ್ಬಿತು. ಆಮೇಲೆ ಅವಳಿಗೆ ಎದುರು ಕುಳಿತವರ ನೆನಪೇ ಹಾರಿತು. ಎಂಟನೆಯದಕ್ಕೆ ನೀರು ಆರಲು ಬಿಟ್ಟಿದ್ದರಿಂದ ಅದು ಬಿರಿಯಿತು. ಹತ್ತರಲ್ಲಿ ಏಳು.

ಮೂವರೂ ಒಳಗೆ ಹೋಗಿ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಹೊರಬಂದು ಹೇಳಿದ್ದು ಇಷ್ಟು: ಬಿಸಿ ರೊಟ್ಟಿಯ ಆರ್ಡರಿಗೆ ಇನ್ನೂ ಕೈ ಪಳಗಬೇಕು. ಸದ್ಯ ಖಡಕ್ ರೊಟ್ಟಿ ಒಣಗಿಸಿ ಎಣಿಸಿ ಕಟ್ಟುವ ಕೆಲಸ, ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುವುದು. ಒಂದು ತಿಂಗಳ ಮೇಲೆ ಮತ್ತೆ ನೋಡುವುದು. ಶುಲ್ಕದ ಗಡುವು ಅಷ್ಟರಲ್ಲಿ ಮುಗಿದರೆ ಮುಂದಿನ ವರ್ಷವೇ ಬಿ.ಎಡ್. ಅದನ್ನು ಅವಳು ಅವರಿಗೆ ಹೇಳಲಿಲ್ಲ, ‘ಹೂಂನ್ರಿ ಅಕ್ಕಾ’ ಎಂದಳು.

ಹರಿದ ಮೂರು ರೊಟ್ಟಿ ಇನ್ನೂ ಬಿಸಿಯಾಗಿದ್ದವು. ತಮ್ಮ ಅವನ್ನು ಒರಳಿಗೆ ಹಾಕಿ ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸು, ಉಪ್ಪು, ಮೇಲೊಂದಿಷ್ಟು ಎಣ್ಣೆ ಸೇರಿಸಿ ಕುಟ್ಟಿದ. ಮುಟಗಿಗೆ ರೊಟ್ಟಿ ದುಂಡಗಿರಬೇಕೆಂಬ ಕಟ್ಟಳೆಯಿಲ್ಲ. ಕುಟ್ಟುತ್ತಲೇ ಅವನು ಮುಂದಿನ ಐತಾರ ತನಗೂ ಹಿಟ್ಟು ನಾದಲು ಕಲಿಸಬೇಕೆಂದು ಅಕ್ಕನಿಗೆ ಹೇಳಿದ. ಮೆಸ್ಸಿನ ಊಟ ಅವನಿಗೆ ಸಾಕಾಗಿತ್ತು. ಊಟಕ್ಕೆ ನಿಲ್ಲುವುದಿಲ್ಲವೆಂದು ಚಪ್ಪಲಿ ಮೆಟ್ಟಿದ್ದ ಹಿರಿಯಾಕೆ ಬೆಳ್ಳುಳ್ಳಿಯ ವಾಸನೆಗೆ ತಿರುಗಿ ಬಂದು ಕುಳಿತರು. ಪುಂಡಿ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತ, ‘ಬ್ಯಾಳಿ ಭಾಳ ಮೆತ್ತಗ ಬೆಂದಾವ. ನೀರು ಎಲ್ಲಿಂದ ತಂದಿ?’ ಎಂದು ಕೇಳಿದರು.