ಹಾಲು ಕುಡಿದರೂ ಏರದ ತೂಕ

ಮಗು ಸೊರಗಿದರೆ ಮನೆಯವರ ಕಣ್ಣು ಮೊದಲು ಬೀಳುವುದು ತಾಯಿಯ ಮೇಲೆ: ‘ಎದೆಹಾಲು ಸಾಲದೇನೋ?’ ಪಾಪ, ಆಕೆ ರಾತ್ರಿಯೆಲ್ಲ ಕೂತು ಕುಡಿಸಿರುತ್ತಾಳೆ. ಆದರೆ ಹುಟ್ಟಿನಿಂದಲೇ ಹೃದಯದಲ್ಲಿ ದೊಡ್ಡ ರಂಧ್ರವಿರುವ ಕೂಸಿನ ಲೆಕ್ಕವೇ ಬೇರೆ. ಅದರ ಶ್ವಾಸಕೋಶಕ್ಕೆ ಹೆಚ್ಚು ರಕ್ತ ನುಗ್ಗುತ್ತದೆ. ಉಸಿರು, ಎದೆಬಡಿತ ಎರಡೂ ಓಡುತ್ತವೆ. ಕುಡಿದ ಹಾಲೆಲ್ಲ ಆ ದುಡಿಮೆಗೇ ಖರ್ಚು. ಆರೋಗ್ಯವಂತ ಶಿಶುವಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 100 ಕ್ಯಾಲೊರಿ ಸಾಕಾದರೆ, ಇಂಥ ಕೂಸಿಗೆ 120ರಿಂದ 150 ಬೇಕಾಗಬಹುದು. ನಾಲ್ಕು ಗುಟುಕಿಗೇ ಅದರ ಹಣೆ ಬೆವರುತ್ತದೆ, ಬಾಯಿ ಸೋಲುತ್ತದೆ. ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕುಡಿಸಬೇಕು. ರಂಧ್ರ ಮುಚ್ಚಿದ ಮೇಲೆ ಬಹುಪಾಲು ಮಕ್ಕಳ ತೂಕ ಏರತೊಡಗುತ್ತದೆ. ಹಾಲು ಕುಡಿಯುವಾಗ ಬೆವರುವ ಮಗುವನ್ನು ವೈದ್ಯರಿಗೆ ತೋರಿಸಬೇಕೇ ಹೊರತು ತಾಯಿಯನ್ನು ದೂರಬಾರದು.