ಸಲ್ಲೇಖನದ ಚರ್ಚೆಯಲ್ಲಿ ಹೇತುವೂ ಹೇತ್ವಾಭಾಸವೂ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ಪಾರ್ಶ್ವನಾಥ ಬಸದಿಯಲ್ಲಿ ‘ಮಲ್ಲಿಷೇಣ ಪ್ರಶಸ್ತಿ’ ಎಂದು ಪ್ರಸಿದ್ಧವಾದ ಶಾಸನವಿದೆ. ಕ್ರಿ.ಶ. 1129ರಲ್ಲಿ ಸಲ್ಲೇಖನ ವ್ರತದಿಂದ ಸಮಾಧಿಮರಣವನ್ನು ಹೊಂದಿದ ಮಲ್ಲಿಷೇಣ ಮಲಧಾರಿದೇವರ ಸ್ಮಾರಕವದು. ಆದರೆ ಶಾಸನವು ಅವರ ಅಂತ್ಯವನ್ನಷ್ಟೇ ಹೇಳಿ ಮುಗಿಸುವುದಿಲ್ಲ. ಸಮಂತಭದ್ರ, ಅಕಲಂಕ ಮೊದಲಾದ ಪೂರ್ವಾಚಾರ್ಯರು ಪರವಾದಿಗಳೊಡನೆ ನಡೆಸಿದ ವಾದಗಳನ್ನೂ ಅದು ಸ್ತುತಿಸುತ್ತದೆ. ಶಾಂತಚಿತ್ತದಿಂದ ದೇಹವನ್ನು ಬಿಡುವುದೂ ನ್ಯಾಯಮಾರ್ಗದಲ್ಲಿ ವಾದ ಮಾಡುವುದೂ ಒಂದೇ ಪರಂಪರೆಯ ಎರಡು ಸಾಧನೆಗಳೆಂಬುದಕ್ಕೆ ಆ ಕಲ್ಲು ಸಾಕ್ಷಿಯಾಗಿದೆ.

ಸಲ್ಲೇಖನವೂ ವಾದವೂ ಇತ್ತೀಚಿನ ವರ್ಷಗಳಲ್ಲಿ ಮತ್ತೊಮ್ಮೆ ಒಂದೆಡೆ ಕೂಡಿದವು. 2006ರಲ್ಲಿ ಸಲ್ಲಿಸಲ್ಪಟ್ಟ ಅರ್ಜಿಯೊಂದರ ಮೇಲೆ ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ತೀರ್ಪು ನೀಡಿತು. ಸಲ್ಲೇಖನವು ಜೈನ ಧರ್ಮದ ಅತ್ಯಗತ್ಯ ಆಚರಣೆಯೆಂದು ಸಿದ್ಧವಾಗಿಲ್ಲವೆಂದೂ, ಅದನ್ನು ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ ಆತ್ಮಹತ್ಯೆಯ ಕಲಮುಗಳಡಿ ಪರಿಗಣಿಸಬೇಕೆಂದೂ ಹೇಳಿತು. ಆಗಸ್ಟ್ 24ರಂದು ದೇಶದ ಅನೇಕ ನಗರಗಳಲ್ಲಿ ಜೈನರು ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಮೆರವಣಿಗೆ ಮೌನವಾಗಿತ್ತು, ಆದರೆ ಮಾತು ನಿಲ್ಲಲಿಲ್ಲ. ಇಂದಿಗೂ ಈ ವಿಷಯ ಬಂದೊಡನೆ ಮೊಬೈಲ್ ಫೋನಿನಲ್ಲಿ ವಾದ-ಪ್ರತಿವಾದಗಳ ಮಳೆಯೇ ಸುರಿಯುತ್ತದೆ. ಆ ಮಳೆಯಲ್ಲಿ ನಿಜವಾದ ಹೇತುಗಳೆಷ್ಟು, ಹೇತುಗಳಂತೆ ತೋರುವ ಹೇತ್ವಾಭಾಸಗಳೆಷ್ಟು ಎಂಬುದನ್ನು ವಿಚಾರಿಸುವುದು ಅವಶ್ಯಕವಾಗಿದೆ.

ವಾದ ಎಂದರೇನು?

ನ್ಯಾಯದರ್ಶನವು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿತು. ತತ್ತ್ವವನ್ನು ತಿಳಿಯುವ ಇಚ್ಛೆಯಿಂದ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ಸ್ವಪಕ್ಷವನ್ನೇ ಸ್ಥಾಪಿಸದೆ ಪರಪಕ್ಷವನ್ನು ಮುರಿಯುವುದಷ್ಟೇ ವಿತಂಡ. ಜಲ್ಪದಲ್ಲಿ ಛಲ, ಜಾತಿ ಮೊದಲಾದ ಉಪಾಯಗಳಿಗೂ ಆ ದರ್ಶನ ಅವಕಾಶ ಕೊಟ್ಟಿತು. ಜೈನ ತಾರ್ಕಿಕರು ಇದನ್ನು ಒಪ್ಪಲಿಲ್ಲ. ಎದುರಾಳಿಯ ಬಾಯಿ ಮುಚ್ಚಿಸಿದ ಮಾತ್ರಕ್ಕೆ ಜಯವಲ್ಲ, ಸ್ವಪಕ್ಷವು ಪ್ರಮಾಣದಿಂದ ಸಿದ್ಧವಾದರೆ ಮಾತ್ರ ಜಯ ಎಂಬುದು ಅಕಲಂಕರ ನಿಲುವು. ಸತ್ಯವ್ರತವನ್ನೂ ಭಾಷಾಸಮಿತಿಯನ್ನೂ ಬೋಧಿಸುವ ಧರ್ಮದಲ್ಲಿ ವಾದಕ್ಕೆ ಬೇರೊಂದು ನೀತಿ ಇರಲು ಹೇಗೆ ಸಾಧ್ಯ?

ಹೇತುವಿನ ಪರೀಕ್ಷೆಗೆ ಜೈನ ನ್ಯಾಯವು ಸರಳವಾದ ಒರೆಗಲ್ಲೊಂದನ್ನು ಕೊಟ್ಟಿದೆ. ಅದೇ ಅನ್ಯಥಾನುಪಪತ್ತಿ. ಸಾಧ್ಯವಿಲ್ಲದಿದ್ದರೆ ಹೇತುವೂ ಇರಲಾರದು ಎಂಬ ಸಂಬಂಧವಿದ್ದಾಗ ಮಾತ್ರ ಅದು ಹೇತು. ಬೆಂಕಿಯಿಲ್ಲದೆ ಹೊಗೆ ಇರಲಾರದು. ಆದ್ದರಿಂದ ಹೊಗೆಯು ಬೆಂಕಿಗೆ ಹೇತು. ಈ ಸಂಬಂಧ ತಪ್ಪಿ ಹೇತುವು ವಿಪಕ್ಷದಲ್ಲಿಯೂ ಕಂಡುಬಂದರೆ ಅದು ಅನೈಕಾಂತಿಕ. ಹೇತುವೇ ಸಿದ್ಧವಾಗಿರದಿದ್ದರೆ ಅಸಿದ್ಧ. ಸಾಧ್ಯಕ್ಕೆ ವಿರುದ್ಧವಾದುದನ್ನೇ ಸಾಧಿಸಿದರೆ ವಿರುದ್ಧ.

ಎರಡೂ ಕಡೆಯ ಹೇತುಗಳು

ಮೊದಲು ಆಕ್ಷೇಪಿಸುವವರ ಮಾತನ್ನು ನೋಡೋಣ. “ಆಹಾರವನ್ನು ಬಿಟ್ಟರೆ ಸಾವು ಬರುವುದೆಂದು ತಿಳಿದೂ ಬಿಡುವುದರಿಂದ ಸಲ್ಲೇಖನವು ಆತ್ಮಹತ್ಯೆ” ಎನ್ನುತ್ತಾರೆ. ಸಾವು ಬರುವುದೆಂದು ತಿಳಿದಿರುವುದು ಇಲ್ಲಿ ಹೇತು. ಗುಣವಾಗದ ರೋಗಿಯೊಬ್ಬನು ಕೃತಕ ಉಸಿರಾಟದ ಯಂತ್ರ ಬೇಡವೆಂದರೂ ಈ ಹೇತು ಅಲ್ಲಿರುತ್ತದೆ. ಅಂಥವನ ಇಚ್ಛೆಯನ್ನು 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಮನ್ನಿಸಿತು, ಅದನ್ನು ಆತ್ಮಹತ್ಯೆಯೆನ್ನಲಿಲ್ಲ. ಹೀಗೆ ಹೇತುವು ವಿಪಕ್ಷದಲ್ಲಿಯೂ ಇರುವುದರಿಂದ ಅದು ಅನೈಕಾಂತಿಕ.

ಇಷ್ಟಕ್ಕೆ ಸಂತೋಷಪಟ್ಟು ನಿಂತರೆ ಅರ್ಧ ಲೆಕ್ಕ ಬರೆದಂತೆ. ಸಮಾಜದ ಕಡೆಯಿಂದ ಹೇಳುವ ಹೇತುಗಳನ್ನೂ ಅದೇ ಒರೆಗಲ್ಲಿಗೆ ಹಚ್ಚಬೇಕು. “ಸಾವಿರಾರು ವರ್ಷಗಳಿಂದ ನಡೆದುಬಂದಿದೆ, ಆದ್ದರಿಂದ ಯೋಗ್ಯ” ಎಂಬ ಮಾತು ಬಹಳ ಪ್ರಚಲಿತ. ಯಜ್ಞದಲ್ಲಿ ಪ್ರಾಣಿವಧೆಯೂ ಸಾವಿರಾರು ವರ್ಷ ನಡೆಯಿತು. ಅದನ್ನು ವಿರೋಧಿಸಿದವರಲ್ಲಿ ಜೈನರು ಮುಂಚೂಣಿಯಲ್ಲಿದ್ದರು. ಪ್ರಾಚೀನತೆಯು ಯೋಗ್ಯ-ಅಯೋಗ್ಯಗಳೆರಡರಲ್ಲಿಯೂ ಇರುವುದರಿಂದ ಈ ಹೇತುವೂ ಅನೈಕಾಂತಿಕವೇ. “ಆಕ್ಷೇಪಿಸಿದವರು ಧರ್ಮದ್ವೇಷಿಗಳು, ಆದ್ದರಿಂದ ಅವರ ಆಕ್ಷೇಪ ಸುಳ್ಳು” ಎಂಬುದು ಇನ್ನೊಂದು. ಹೇಳಿದವನ ಮನಸ್ಸಿಗೂ ಹೇಳಿದುದರ ಸತ್ಯಕ್ಕೂ ಅನ್ಯಥಾನುಪಪತ್ತಿಯ ಸಂಬಂಧವಿಲ್ಲ. ದ್ವೇಷಿಯು ಹೇಳಿದ ಲೆಕ್ಕದ ತಪ್ಪೂ ತಪ್ಪೇ.

ಸತಿ ಪದ್ಧತಿಯ ದೃಷ್ಟಾಂತವನ್ನು ಎದುರುಪಕ್ಷದವರು ಕೊಟ್ಟಾಗ ಸಮಾಜದಲ್ಲಿ ಕೋಪ ಉಕ್ಕುವುದು ಸಹಜ. ಆದರೆ ದೃಷ್ಟಾಂತಕ್ಕೆ ಉತ್ತರ ಕೋಪವಲ್ಲ, ವಿಂಗಡಣೆ. ಸಲ್ಲೇಖನವು ಕ್ರಮಕ್ರಮವಾಗಿ ಸಾಗುವ ವ್ರತ. ಸ್ತ್ರೀಗೂ ಪುರುಷನಿಗೂ ಸಮಾನ. ಗಂಡನ ಸಾವಿಗೆ ಹೆಂಡತಿಯ ಸಾವನ್ನು ಗಂಟು ಹಾಕುವುದಿಲ್ಲ. ಇಷ್ಟರಮಟ್ಟಿಗೆ ದೃಷ್ಟಾಂತ ಹೊಂದುವುದಿಲ್ಲ. ಕುಟುಂಬದ ಕೀರ್ತಿ, ಜನರ ಜಯಕಾರ, ಹಿಂದೆಗೆದರೆ ಏನನ್ನುವರೋ ಎಂಬ ಸಂಕೋಚ—ಇವು ಇರುವಲ್ಲಿ ಮಾತ್ರ ಆ ದೃಷ್ಟಾಂತವು ಆ ಅಂಶದಲ್ಲಿ ಹೊಂದುತ್ತದೆ. ಇದನ್ನು ಒಪ್ಪಿಕೊಳ್ಳುವುದರಿಂದ ಧರ್ಮಕ್ಕೆ ಹಾನಿಯಿಲ್ಲ, ಒಪ್ಪದಿರುವುದರಿಂದ ಇದೆ.

ಪೂಜ್ಯಪಾದರ ಮಾದರಿ

ಸಲ್ಲೇಖನವು ಆತ್ಮಹತ್ಯೆಯಲ್ಲವೇ ಎಂಬ ಪ್ರಶ್ನೆಯನ್ನು ಮೊದಲು ಎತ್ತಿದವರು ಇಂದಿನ ವಕೀಲರಲ್ಲ. ತತ್ತ್ವಾರ್ಥಸೂತ್ರದ ಮೇಲಿನ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಪೂಜ್ಯಪಾದರೇ ಆ ಪೂರ್ವಪಕ್ಷವನ್ನು ಇಟ್ಟಿದ್ದಾರೆ. ಆಕ್ಷೇಪಿಸಿದವನನ್ನು ಅವರು ಹೀಯಾಳಿಸಲಿಲ್ಲ. ಆಕ್ಷೇಪವನ್ನು ದುರ್ಬಲಗೊಳಿಸಿಯೂ ಇಡಲಿಲ್ಲ. ರಾಗ, ದ್ವೇಷ, ಮೋಹಗಳಿಂದ ಆವೇಶಗೊಂಡು ವಿಷ, ಶಸ್ತ್ರ ಮೊದಲಾದವುಗಳಿಂದ ತನ್ನನ್ನು ಕೊಂದುಕೊಳ್ಳುವವನಿಗೆ ಆತ್ಮವಧೆಯ ದೋಷವುಂಟು. ಸಲ್ಲೇಖನವನ್ನು ಸ್ವೀಕರಿಸಿದವನಲ್ಲಿ ರಾಗಾದಿಗಳಿಲ್ಲವಾದ್ದರಿಂದ ಆ ದೋಷವಿಲ್ಲ ಎಂದು ಉತ್ತರಿಸಿದರು.

ಬಳಿಕ ವರ್ತಕನೊಬ್ಬನ ಉಪಮೆ ಕೊಟ್ಟರು. ನಾನಾ ಬಗೆಯ ಸರಕನ್ನು ಮನೆಯಲ್ಲಿ ಸಂಗ್ರಹಿಸಿ ಕೊಡು-ಕೊಳ್ಳುವ ವ್ಯವಹಾರ ಮಾಡುವವನಿಗೆ ಮನೆಯ ನಾಶ ಇಷ್ಟವಲ್ಲ. ನಾಶದ ಕಾರಣ ಒದಗಿದರೆ ಯಥಾಶಕ್ತಿ ಅದನ್ನು ಪರಿಹರಿಸುತ್ತಾನೆ. ಪರಿಹರಿಸಲಾಗದಿದ್ದಾಗ ಸರಕಾದರೂ ಹಾಳಾಗದಂತೆ ಯತ್ನಿಸುತ್ತಾನೆ. ವ್ರತಶೀಲಗಳೇ ಗೃಹಸ್ಥನ ಸರಕು, ದೇಹವೇ ಮನೆ.

ಈ ಉಪಮೆಯನ್ನು ವೇದಿಕೆಗಳಲ್ಲಿ ಅನೇಕರು ಹೇಳುತ್ತಾರೆ. ಆದರೆ ಅದರ ನಡುವಣ ಮಾತನ್ನು ಬಿಟ್ಟುಬಿಡುತ್ತಾರೆ. ಮೊದಲು ಮನೆಯನ್ನು ಉಳಿಸುವ ಯತ್ನ. ಅದು ವಿಫಲವಾದ ಮೇಲೆ ಸರಕಿನ ಚಿಂತೆ. ಸಮಂತಭದ್ರರೂ ರತ್ನಕರಂಡ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪ್ರತೀಕಾರವಿಲ್ಲದವಾದಾಗ ಮಾತ್ರ ಎಂದು ನಿಯಮಿಸಿದ್ದಾರೆ. ತತ್ತ್ವಾರ್ಥಸೂತ್ರವು ಸಲ್ಲೇಖನಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಬದುಕಿನ ಆಸೆಯಂತೆಯೇ ಬೇಗ ಸಾಯುವ ಆಸೆಯೂ ಒಂದು. ಸಾವನ್ನು ಬಯಸಿದೊಡನೆಯೇ ವ್ರತಕ್ಕೆ ದೋಷ ತಟ್ಟುತ್ತದೆ. ಸಲ್ಲೇಖನದ ಪರವಾಗಿರುವ ಅತಿ ಬಲವಾದ ಹೇತು ಇದೇ.

ಆದರೆ ಈ ಹೇತುವಿಗೆ ಬೆಲೆಯಿದೆ. “ರಾಗವಿಲ್ಲ, ಸ್ವೇಚ್ಛೆಯಿದೆ” ಎಂಬುದು ಹೇತುವಾದರೆ, ಅದು ಪ್ರತಿಯೊಬ್ಬ ವ್ರತಿಯಲ್ಲಿಯೂ ಸಿದ್ಧವಾಗಿರಬೇಕು; ಶಾಸ್ತ್ರದಲ್ಲಿ ಬರೆದಿದೆಯೆಂದ ಮಾತ್ರಕ್ಕೆ ಇಂಥ ಮನೆಯ ಇಂಥ ವೃದ್ಧೆಯಲ್ಲಿ ಅದು ಸಿದ್ಧವಾಗುವುದಿಲ್ಲ. 2025ರಲ್ಲಿ ರೋಗಪೀಡಿತವಾದ ಪುಟ್ಟ ಮಗುವೊಂದಕ್ಕೆ ಈ ವ್ರತವನ್ನು ಕೊಡಿಸಿದ ಸುದ್ದಿ ಪ್ರಕಟವಾದಾಗ, ಹಲವರು ಹಳೆಯ ಉತ್ತರಗಳನ್ನೇ ಮತ್ತೆ ಒಪ್ಪಿಸಿದರು. ಹೆತ್ತವರ ದುಃಖ ಯಾರಿಗೂ ಅರ್ಥವಾಗುವಂಥದು. ಅದನ್ನು ನಿಂದಿಸುವುದು ಕ್ರೌರ್ಯ. ಆದರೆ ವ್ರತವೆಂದರೇನೆಂದು ತಿಳಿಯದ ಮಗುವಿನಲ್ಲಿ ಸ್ವೇಚ್ಛೆಯೆಂಬ ಹೇತು ಅಸಿದ್ಧ. ನ್ಯಾಯಾಲಯದ ಮುಂದೆ ಯಾವ ಹೇತುವನ್ನು ಆಧಾರವಾಗಿ ಹಿಡಿಯಲಾಯಿತೋ ಅದನ್ನೇ ಇಲ್ಲಿ ಮರೆತರೆ, ವ್ರತವನ್ನು ಕೆಡಹುವವರು ಪರವಾದಿಗಳಲ್ಲ, ಸ್ವಪಕ್ಷದವರೇ.

ಸ್ಯಾದ್ವಾದದ ದುರುಪಯೋಗ

ಇಂಥ ಇಕ್ಕಟ್ಟಿನಲ್ಲಿ “ಜೈನಧರ್ಮ ಅನೇಕಾಂತವಾದಿ, ಎಲ್ಲರ ಅಭಿಪ್ರಾಯವೂ ಅವರವರಿಗೆ ಸರಿ” ಎಂದು ಚರ್ಚೆ ಮುಗಿಸುವ ವಾಡಿಕೆ ಬೆಳೆದಿದೆ. ‘ಸ್ಯಾತ್’ ಎಂದರೆ ‘ಇರಬಹುದೇನೋ’ ಎಂದಲ್ಲ. ‘ಒಂದು ಅಪೇಕ್ಷೆಯಿಂದ’ ಎಂದು. ಯಾವ ಅಪೇಕ್ಷೆಯೆಂದು ಹೇಳುವ ಹೊಣೆ ಆ ಮಾತಾಡಿದವನ ಮೇಲಿರುತ್ತದೆ. ಇತರ ನಯಗಳನ್ನು ನಿರಾಕರಿಸಿ ತನ್ನದನ್ನೇ ಪೂರ್ಣಸತ್ಯವೆಂದರೆ ಅದು ದುರ್ನಯ. ದುರ್ನಯವನ್ನು ಅನ್ಯಮತದಲ್ಲಿ ಹುಡುಕುವುದು ಸುಲಭ, ಸ್ವಂತ ಮಾತಿನಲ್ಲಿ ಕಾಣುವುದು ಕಷ್ಟ.

ವ್ಯಾಪಾರಸ್ಥರಿಗೆ ಇದು ಅಪರಿಚಿತವಲ್ಲ. ತಾಳೆಪಟ್ಟಿಯ ಎರಡು ಬದಿಗಳ ಮೊತ್ತ ಸರಿಹೊಂದಿತೆಂದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲವೆಂದಲ್ಲ. ಒಬ್ಬರ ಖಾತೆಗೆ ಸೇರಬೇಕಾದ ಜಮೆ ಇನ್ನೊಬ್ಬರ ಖಾತೆಗೆ ಸೇರಿದ್ದರೂ ಮೊತ್ತ ಸರಿಹೊಂದುತ್ತದೆ. ಆದ್ದರಿಂದಲೇ ಹೊರಗಿನವರಿಂದ ಲೆಕ್ಕ ತಪಾಸಣೆ ಮಾಡಿಸುವುದು. ಒಂದೇ ಮತದವರು ತಮ್ಮತಮ್ಮಲ್ಲಿಯೇ ಒಪ್ಪಿಕೊಂಡ ವಾದಕ್ಕೂ ಇಂಥ ತಪಾಸಣೆ ಬೇಕು. ಆಕ್ಷೇಪಿಸುವವನು ಆ ಕೆಲಸವನ್ನು ಸಂಬಳವಿಲ್ಲದೆ ಮಾಡಿಕೊಡುತ್ತಾನೆ.

ಮಾಡಬಹುದಾದುದು

ಬಸದಿಗಳ ಸ್ವಾಧ್ಯಾಯ ಗೋಷ್ಠಿಗಳಲ್ಲಿ ಇಂಥ ವಿಷಯವನ್ನು ಎತ್ತಿಕೊಂಡಾಗ ಮೊದಲು ಪೂರ್ವಪಕ್ಷವನ್ನು ಬರೆಯಿಸಬೇಕು. ಆಕ್ಷೇಪಿಸಿದವನೇ ಓದಿದರೂ “ಹೌದು, ನನ್ನ ಮಾತು ಇದೇ” ಎನ್ನುವಂತಿರಬೇಕು. ಆಮೇಲೆ ಉತ್ತರ. ಮನೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು “ಅಜ್ಜಾ, ಇದು ಆತ್ಮಹತ್ಯೆಯಲ್ಲವೇ?” ಎಂದು ಕೇಳಿದರೆ “ಹಾಗೆಲ್ಲ ಕೇಳಬಾರದು” ಎಂದು ಗದರಿಸುವ ಅಜ್ಜನು ಪೂಜ್ಯಪಾದರ ಮಾರ್ಗದಲ್ಲಿಲ್ಲ. ಆಚಾರ್ಯರೇ ಗ್ರಂಥದಲ್ಲಿ ಎತ್ತಿದ ಪ್ರಶ್ನೆಯನ್ನು ಆಕೆ ಎತ್ತಿದ್ದಾಳೆ.

ವ್ರತದ ಪ್ರಸಂಗ ನಿಜವಾಗಿ ಬಂದಾಗ ಟ್ರಸ್ಟಿನವರೂ ಕುಟುಂಬದವರೂ ಹೇತುವನ್ನು ಪರೀಕ್ಷಿಸಬೇಕು. ರೋಗವು ಪ್ರತೀಕಾರವಿಲ್ಲದುದೆಂದು ವೈದ್ಯರು ಹೇಳಿದ್ದಾರೆಯೇ? ಇಚ್ಛೆಯನ್ನು ವ್ರತಿಯು ಸ್ವತಃ, ಸ್ವಸ್ಥಚಿತ್ತದಿಂದ, ಮತ್ತೆ ಮತ್ತೆ ಹೇಳಿದ್ದಾರೆಯೇ? ಮನೆಯವರಿಗೆ ಭಾರವಾದೆನೆಂಬ ನೋವು ಅದರ ಹಿಂದೆ ಇಲ್ಲವಷ್ಟೆ? ನಿರ್ಯಾಪಕಾಚಾರ್ಯರು ಯೋಗ್ಯತೆಯನ್ನು ಪರೀಕ್ಷಿಸಿದ್ದಾರೆಯೇ? ಫಲಕ, ಮೆರವಣಿಗೆ, ಛಾಯಾಚಿತ್ರಗಳ ಆಡಂಬರವಿಲ್ಲದೆ ಎಲ್ಲವೂ ನಡೆಯುತ್ತಿದೆಯೇ? ಇವುಗಳಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ತಡೆದು ನಿಲ್ಲುವುದೇ ಧರ್ಮ.

ವಾದದಲ್ಲಿ ಅಹಿಂಸೆಯೆಂದರೆ ಮೃದುವಾಗಿ ಮಾತನಾಡುವುದಷ್ಟೇ ಅಲ್ಲ. ಎದುರಿನವನ ಮಾತನ್ನು ತಿರುಚದಿರುವುದು, ತನ್ನ ಹೇತುವಿನ ಕೊರತೆಯನ್ನು ಮುಚ್ಚಿಡದಿರುವುದು, ಸಿದ್ಧವಾದುದಕ್ಕಿಂತ ಹೆಚ್ಚನ್ನು ಹೇಳದಿರುವುದು ಅಹಿಂಸೆ. ಸಲ್ಲೇಖನ ವ್ರತವು ಇಂಥ ವಾದದಿಂದ ರಕ್ಷಿತವಾದೀತು, ಕೂಗಿನಿಂದಲ್ಲ.