ಪರರ ಪ್ರಾರ್ಥನಾಲಯದಲ್ಲಿ ಲಿಂಗನಿಷ್ಠೆ



ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದ ಭಕ್ತನು ಅನ್ಯಧರ್ಮೀಯರ ಪ್ರಾರ್ಥನಾಲಯವನ್ನು ಪ್ರವೇಶಿಸಬಹುದೇ? ಪ್ರವೇಶಿಸಿದರೆ ಆತನ ಏಕದೇವನಿಷ್ಠೆಗೆ ಭಂಗ ಬಾರದೇ? ಇದು ಶಾಸ್ತ್ರಚರ್ಚೆಗೆ ಮಾತ್ರ ಸೀಮಿತವಾದ ಪ್ರಶ್ನೆಯಲ್ಲ. ಬಾಗಲಕೋಟೆ ಸೀಮೆಯ ನೇಕಾರರ ಓಣಿಗಳಲ್ಲಿ ಅದು ನಿತ್ಯಜೀವನದ ಪ್ರಶ್ನೆಯೂ ಹೌದು.

ಇಳಕಲ್ಲಿನ ನೇಕಾರ ಮನೆತನದ ಹಿರಿಯ ಶರಣೆಯೊಬ್ಬರಿಗೆ ಗುಳೇದಗುಡ್ಡದಲ್ಲಿ ಕ್ರೈಸ್ತ ಗೆಳತಿಯೊಬ್ಬರಿದ್ದರು. ಆಕೆ ತೀರಿಕೊಂಡಾಗ ಶರಣೆಗೆ ಜಡ್ಡಾಗಿ ಮಣ್ಣಿಗೆ ಹೋಗಲಾಗಲಿಲ್ಲ. ತಿಂಗಳೊಂದು ಕಳೆದ ಮೇಲೆ, ಗೆಳತಿ ಪ್ರತಿ ರವಿವಾರ ಪ್ರಾರ್ಥಿಸುತ್ತಿದ್ದ ಚರ್ಚಿನಲ್ಲಿ ಕೆಲಹೊತ್ತು ಕುಳಿತು ಬರಬೇಕೆಂದು ಹೊರಟುನಿಂತರು. ಸೊಸೆ ಅಳುಕುತ್ತ ಕೇಳಿದಳು: “ಅತ್ತಿ, ಲಿಂಗಾ ಕಟ್ಟಿದವ್ರು ಅಲ್ಲಿ ಕುಂಡ್ರಬಹುದೇನ್ರಿ?” ಶರಣೆಯ ಉತ್ತರ ಚಿಕ್ಕದು: “ನನ್ನ ಲಿಂಗ ನನ್ನ ಎದಿಮ್ಯಾಲ ಐತಿ. ಎಲ್ಲಿ ಕುಂತ್ರೂ ಅದು ನನ್ನ ಬಿಟ್ಟು ಹೋಗಂಗಿಲ್ಲ.”

ಹುನಗುಂದ, ಅಮೀನಗಡಗಳನ್ನು ದಾಟಿ ಅವರು ತಲುಪಿದ ಊರಿಗೆ ದೀರ್ಘ ಇತಿಹಾಸವಿದೆ. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್, ಬಹುಕಾಲ ಬಾದಾಮಿ ತಾಲೂಕಿಗೆ ಸೇರಿದ್ದ ಗುಳೇದಗುಡ್ಡದಲ್ಲಿ 1851ರಲ್ಲಿ ನೆಲೆಯೂರಿತು. ಆ ಪಾದ್ರಿಗಳ ಉದ್ದೇಶ ಮತಪ್ರಚಾರವೇ ಆಗಿತ್ತು. ಈ ನಾಡಿನ ಧರ್ಮಗಳನ್ನು ಅವರು ಖಂಡಿಸಿದ್ದೂ ನಿಜ. ಆದರೆ ಅದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವನ್ನು ಅಚ್ಚು ಹಾಕಿಸಿದರು. 1860ರ ದಶಕದಲ್ಲಿ ಜಿ. ವುರ್ತ್ ಅವರು ಬಸವಪುರಾಣ, ಚೆನ್ನಬಸವಪುರಾಣಗಳನ್ನು ಸಂಗ್ರಹವಾಗಿ ಇಂಗ್ಲಿಷಿಗೆ ತಂದರು. ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಪ್ರಕಟವಾಯಿತು. ಆ ಖಂಡನೆಯನ್ನೂ ಈ ಋಣವನ್ನೂ ಒಟ್ಟಿಗೆ ನೆನೆಯುವುದೇ ನ್ಯಾಯ.

ಶರಣೆಯು ಸಭಾಪಾಲಕರ ಅನುಮತಿ ಪಡೆದು ಹಿಂದಿನ ಸಾಲಿನಲ್ಲಿ ಕುಳಿತರು. ಅಲ್ಲಿ ಲಿಂಗಪೂಜೆಗೆ ತೊಡಗಲಿಲ್ಲ. ಅವರ ಪೂಜಾವಿಧಿಯನ್ನು ಅನುಕರಿಸಲೂ ಇಲ್ಲ. ವರ ಬೇಡಲಿಲ್ಲ, ಹರಕೆ ಹೊರಲಿಲ್ಲ. ಕಣ್ಣುಮುಚ್ಚಿ ಷಡಕ್ಷರಿಯನ್ನು ಮನದಲ್ಲಿಯೇ ಜಪಿಸಿ, ಗೆಳತಿಯ ಆತ್ಮಕ್ಕೆ ಶಾಂತಿ ಕೋರಿದರು. ಶರಣರು ತಮ್ಮವರನ್ನು ಅಂಗೈಯಲ್ಲಿ ಲಿಂಗವಿರಿಸಿ, ಕುಳಿತ ಭಂಗಿಯಲ್ಲಿ ಮಣ್ಣಿಗೊಪ್ಪಿಸುತ್ತಾರೆ. ಕ್ರೈಸ್ತರು ಪೆಟ್ಟಿಗೆಯಲ್ಲಿ ಮಲಗಿಸಿ ಒಪ್ಪಿಸುತ್ತಾರೆ. ಭಂಗಿ ಬೇರೆ, ಮಣ್ಣು ಒಂದೇ.

ಹಾಗೆಂದು ಎಲ್ಲ ಧರ್ಮಗಳೂ ಒಂದೇ ಎಂದು ಸುಲಭವಾಗಿ ಹೇಳಿಬಿಡುವುದು ಸಲ್ಲದು. ಆ ಮಾತು ಎರಡೂ ಕಡೆಯ ಸಾಧನೆಯನ್ನು ಹಗುರಗೊಳಿಸುತ್ತದೆ. ಇಳಕಲ್ ಸೀರೆಯನ್ನೇ ನೋಡಿರಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಇವೆರಡನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಜೋಡಿಸುತ್ತಾರೆ. ಒಂದರ ಬಣ್ಣ ಇನ್ನೊಂದಕ್ಕೆ ಇಳಿಯುವುದಿಲ್ಲ. ಆದರೂ ಸೀರೆ ಒಂದೇ. ಎಳೆ ಸಡಿಲವಾಗಿದ್ದರೆ ಕುಣಿಕೆ ನಿಲ್ಲದು. ನಿಷ್ಠೆಯೂ ಹಾಗೆಯೇ. ತನ್ನ ಲಿಂಗದಲ್ಲಿ ದೃಢವಾದ ಭಕ್ತನಿಗೆ ಪರರ ದೇವಾಲಯದಲ್ಲಿ ಭಯವಿಲ್ಲ. ಅಳುಕುವುದು ಸಡಿಲವಾದ ನಿಷ್ಠೆ ಮಾತ್ರ.

ಸ್ಥಾವರದ ಕಟ್ಟಡಕ್ಕಿಂತ ಚಲಿಸುವ ಜಂಗಮವೇ ಹಿರಿದೆಂದು ಬಸವಾದಿ ಪ್ರಮಥರು ಸಾರಿದರು. ಗೆಳತಿಯ ನೆನಪನ್ನು ಹೊತ್ತು ಆ ಶರಣೆ ನಡೆದ ಹಾದಿಯೇ ಜಂಗಮ. ಅಂಥ ಹಾದಿಯಲ್ಲಿ ನಿಷ್ಠೆಗೆ ಭಂಗ ಬಾರದು. ಅದು ಇನ್ನಷ್ಟು ಗಟ್ಟಿಗೊಳ್ಳುತ್ತದೆ.